ಆಟಿಸಂ ಸಂಶೋಧಕರ ಪ್ರಕಟಣೆಗಳ ಪಟ್ಟಿ ಓದುವುದು ಹೇಗೆ? ಹೆತ್ತವರಿಗೂ ವಿದ್ಯಾರ್ಥಿಗಳಿಗೂ ಒಂದು ಸಮಗ್ರ ಮಾರ್ಗದರ್ಶಿ

"ಆಟಿಸಂ ಮತ್ತು ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ 200ಕ್ಕೂ ಹೆಚ್ಚು ಸಂಶೋಧನಾ ಲೇಖನ ಪ್ರಕಟಿಸಿದವರು." ಕಾರ್ಯಾಗಾರದ ಬ್ಯಾನರ್ ಮೇಲೆ, ಥೆರಪಿ ಸೆಂಟರಿನ ಕರಪತ್ರದಲ್ಲಿ, ಸಂದರ್ಶನದ ತಲೆಬರಹದ ಕೆಳಗೆ ಇಂಥ ಸಾಲು ಆಗಾಗ ಕಾಣುತ್ತದೆ. ಓದಿದ ಕೂಡಲೇ ಗೌರವ ಮೂಡುತ್ತದೆ. ಮಗುವಿನ ಚಿಂತೆಯಲ್ಲಿರುವ ತಂದೆ ತಾಯಿಗೆ ಸ್ವಲ್ಪ ಧೈರ್ಯವೂ ಬರುತ್ತದೆ. ಆದರೆ ಆ 200ರಲ್ಲಿ ಏನಿದೆ? ಯಾವ ಪ್ರಶ್ನೆಗೆ ಉತ್ತರ ಹುಡುಕಿದ್ದಾರೆ? ಸಿಕ್ಕ ಉತ್ತರ ನಿಮ್ಮ ಮನೆಯ ಮಗುವಿಗೆ ಹೊಂದುತ್ತದಾ? ಬರೀ ಸಂಖ್ಯೆ ನೋಡಿದರೆ ಇದ್ಯಾವುದೂ ತಿಳಿಯುವುದಿಲ್ಲ.

ತಿಳಿದುಕೊಳ್ಳುವ ದಾರಿ ಇದೆ. ಅದಕ್ಕೆ ನೀವು ಡಾಕ್ಟರ್ ಆಗಿರಬೇಕಿಲ್ಲ. ಇಂಟರ್ನೆಟ್ ಇರುವ ಫೋನು, ಒಂದು ನೋಟ್‌ಬುಕ್ಕು, ಬಿಡುವಿನ ಕೆಲವು ಸಂಜೆಗಳು ಸಾಕು. ಇಂಗ್ಲಿಷ್ ಸ್ವಲ್ಪ ಬೇಕು, ನಿಜ. ಓದಲು ಬರುವ ಅಕ್ಕನ ಮಗಳೋ ಪಕ್ಕದ ಮನೆಯ ಹುಡುಗನೋ ಜೊತೆಗೆ ಕೂತರೆ ಆಯಿತು.

ಅಭ್ಯಾಸಕ್ಕೆ ನಾನು ಲಾರ್ನಾ ವಿಂಗ್ ಅವರ ಪಟ್ಟಿಯನ್ನು ಆರಿಸಿಕೊಂಡಿದ್ದೇನೆ. 1928ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಮನೋವೈದ್ಯೆ ಇವರು. ಮಗಳಿಗೆ ಆಟಿಸಂ ಇತ್ತು. 1962ರಲ್ಲಿ ಇತರ ಹೆತ್ತವರ ಜೊತೆ ಸೇರಿ, ಇಂದು ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಎಂದು ಹೆಸರಾದ ಸಂಸ್ಥೆಯನ್ನು ಕಟ್ಟಿದರು. ಇಂದು ನಾವು ಸಲೀಸಾಗಿ ಹೇಳುವ "ಆಟಿಸಂ ಸ್ಪೆಕ್ಟ್ರಂ" ಎಂಬ ಕಲ್ಪನೆ ಬೆಳೆದದ್ದು ಬಹುಮಟ್ಟಿಗೆ ಇವರ ಕೆಲಸದಿಂದ. ಇವರ ಪಟ್ಟಿಯನ್ನು ಓದಲು ಕಲಿತರೆ ಬೇರೆಯವರ ಪಟ್ಟಿ ಓದುವುದು ಕಷ್ಟವಲ್ಲ.

ಹೆಜ್ಜೆ 1: ನಿಮಗೆ ಏನು ಬೇಕು ಅಂತ ಬರೆದಿಟ್ಟುಕೊಳ್ಳಿ

ಪಟ್ಟಿ ತೆರೆಯುವ ಮೊದಲೇ ಒಂದು ಸಾಲು ಬರೆಯಿರಿ. ತಾಯಿಯಾದರೆ: "ಇವರು ಹೇಳುವ ಚಿಕಿತ್ಸೆಯನ್ನು ಇವರೇ ಪರೀಕ್ಷಿಸಿ ನೋಡಿದ್ದಾರಾ?" ಪಿಎಚ್‌ಡಿಗೆ ಗೈಡ್ ಹುಡುಕುವ ವಿದ್ಯಾರ್ಥಿಯಾದರೆ: "ಕಳೆದ ಐದು ವರ್ಷದಲ್ಲಿ ಇವರ ವಿದ್ಯಾರ್ಥಿಗಳು ಮೊದಲ ಲೇಖಕರಾಗಿ ಏನು ಬರೆದಿದ್ದಾರೆ?" ಪತ್ರಕರ್ತರಾದರೆ: "ನಾನು ಕೇಳಲಿರುವ ವಿಷಯದಲ್ಲಿ ಇವರು ಕೆಲಸ ಮಾಡಿದ್ದಾರಾ, ಅಥವಾ ಪಕ್ಕದ ವಿಷಯದಲ್ಲಾ?"

ಈ ಸಾಲು ಇಲ್ಲದೆ ಕೂತರೆ ಸುಮ್ನೆ ಶೀರ್ಷಿಕೆಗಳನ್ನು ಓದುತ್ತಾ ರಾತ್ರಿಯಾಗುತ್ತದೆ. ಆಟಿಸಂನ ಜೀನ್‌ಗಳ ಮೇಲೆ ಬಹಳ ಒಳ್ಳೆಯ ಕೆಲಸ ಮಾಡಿದವರಿಗೆ ಮಾತು ಬಾರದ ಮಗುವಿನ ಸ್ಪೀಚ್ ಥೆರಪಿ ಬಗ್ಗೆ ನಿಮ್ಮ ಊರಿನ ಥೆರಪಿಸ್ಟ್‌ಗಿಂತ ಕಡಿಮೆ ಗೊತ್ತಿರಬಹುದು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪ್ರಕಟಣೆಗಳ ಪಟ್ಟಿಯಿಂದ ಸಂಶೋಧನೆಯನ್ನು ಅಳೆಯಬಹುದು. ಕೈಗುಣವನ್ನು ಅಳೆಯಲಾಗದು. ಜಿಲ್ಲಾ ಆಸ್ಪತ್ರೆಗಳಲ್ಲಿ ದಿನವೂ ಮಕ್ಕಳನ್ನು ನೋಡುತ್ತಾ, ಒಂದು ಲೇಖನವನ್ನೂ ಬರೆಯದ ಒಳ್ಳೆಯ ವೈದ್ಯರು ಎಷ್ಟೋ ಜನ ಇದ್ದಾರೆ. ಪಟ್ಟಿ ಚಿಕ್ಕದು ಅಂತ ಅವರನ್ನು ಬಿಟ್ಟು ಬರಬೇಡಿ. ಯಾರಾದರೂ ತಮ್ಮ ಸಂಶೋಧನೆಯನ್ನೇ ಮುಂದಿಟ್ಟು ದುಡ್ಡನ್ನೋ ನಂಬಿಕೆಯನ್ನೋ ಕೇಳಿದಾಗ ಈ ಮಾರ್ಗದರ್ಶಿಯನ್ನು ಬಳಸಿ.

ಹೆಜ್ಜೆ 2: ಪೂರ್ತಿ ಪಟ್ಟಿಯನ್ನು ನೀವೇ ಕೂಡಿಸಿ

ಅವರ ವೆಬ್‌ಸೈಟಿನಲ್ಲಿರುವ ಪಟ್ಟಿಯಿಂದ ಶುರು ಮಾಡಬಹುದು, ಅಲ್ಲಿಗೇ ನಿಲ್ಲಬೇಡಿ. ಮೂರು ಕಡೆ ಹುಡುಕಿ. ಪಬ್‌ಮೆಡ್ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಉಚಿತ ಸೂಚಿ. ಅದರಲ್ಲಿ ಸಿಗುವುದು ಹೆಚ್ಚಾಗಿ ವೈದ್ಯಕೀಯ ಜರ್ನಲ್‌ಗಳ, ಅಂದರೆ ಸಂಶೋಧನಾ ಪತ್ರಿಕೆಗಳ, ಲೇಖನಗಳು. ಗೂಗಲ್ ಸ್ಕಾಲರ್ ಬಲೆ ದೊಡ್ಡದು. ಪುಸ್ತಕದ ಅಧ್ಯಾಯ, ಸಮ್ಮೇಳನದ ಸಾರಾಂಶ, ಎರಡೆರಡು ಸಲ ಸೇರಿದ ಒಂದೇ ಲೇಖನ, ಎಲ್ಲವೂ ಅದರಲ್ಲಿ ಬಂದು ಬೀಳುತ್ತವೆ. ಮೂರನೆಯದು ಆರ್ಕಿಡ್, ಪ್ರತಿ ಸಂಶೋಧಕರಿಗೂ 16 ಅಂಕಿಗಳ ಒಂದು ಗುರುತು ಕೊಡುವ ವ್ಯವಸ್ಥೆ. 2012ರಲ್ಲಿ ಶುರುವಾಯಿತು. ಸಂಶೋಧಕರೇ ಅದನ್ನು ತುಂಬಿಸುವುದರಿಂದ ಕೆಲವರದು ಖಾಲಿ ಇರುತ್ತದೆ. ಖಾಲಿ ಇದ್ದ ಮಾತ್ರಕ್ಕೆ ಅನುಮಾನ ಬೇಡ. ಭಾರತದವರಾದರೆ ಇನ್‌ಫ್ಲಿಬ್‌ನೆಟ್ ನಡೆಸುವ ವಿದ್ವಾನ್ ತಾಣವನ್ನೂ, ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾವನ್ನೂ ನೋಡಿ.

ನಮ್ಮ ಕಡೆಯ ಹೆಸರುಗಳಿಗೆ ಬಂದಾಗ ಕೆಲಸ ಜಾಸ್ತಿಯಾಗುತ್ತದೆ. ಕನ್ನಡಿಗರಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಅನ್ನುವುದೇ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿರುತ್ತದೆ. ಜರ್ನಲ್‌ಗಳು ಕೊನೆಯ ಹೆಸರು ಕೇಳುತ್ತವೆ. ಹಾಗಾಗಿ ಎಸ್. ಮಂಜುನಾಥ ಎಂಬ ಒಬ್ಬರೇ ವ್ಯಕ್ತಿ ಒಂದು ಕಡೆ ಮಂಜುನಾಥ ಎಸ್., ಇನ್ನೊಂದು ಕಡೆ ಅಪ್ಪನ ಹೆಸರು ಬಿಡಿಸಿ ಬರೆದು ಶ್ರೀನಿವಾಸ ಎಂ. ಆಗಿಬಿಡುತ್ತಾರೆ. ಸ್ಪೆಲಿಂಗ್ ಬೇರೆ. ಶ್ರುತಿಗೆ ಒಂದು ಎಚ್ ಜಾಸ್ತಿ, ಲಕ್ಷ್ಮಿಗೆ ಕೆ-ಎಸ್-ಎಚ್ ಬದಲು ಎಕ್ಸ್, ಗಿರೀಶನಿಗೆ ಎರಡು ಇ. ಮದುವೆಯ ನಂತರ ಹೆಸರು ಬದಲಿಸಿದವರ ಹಳೆಯ ಲೇಖನಗಳು ಬೇರೆಯೇ ಹೆಸರಲ್ಲಿರುತ್ತವೆ. ಸಾಧ್ಯವಿರುವ ಎಲ್ಲ ರೂಪಗಳನ್ನೂ ಬರೆದುಕೊಂಡು ಒಂದೊಂದಾಗಿ ಹುಡುಕಿ. ಹೆಸರಿನ ಜೊತೆ ಸಂಸ್ಥೆಯ ಹೆಸರನ್ನೋ "ಆಟಿಸಂ" ಪದವನ್ನೋ ಇಂಗ್ಲಿಷಿನಲ್ಲಿ ಸೇರಿಸಿದರೆ ಕಸ ಕಡಿಮೆ ಬರುತ್ತದೆ. ಪಬ್‌ಮೆಡ್ 2002ರಿಂದ ಈಚೆಗಷ್ಟೇ ಲೇಖಕರ ಪೂರ್ತಿ ಹೆಸರು ದಾಖಲಿಸುತ್ತಿದೆ. ಅದಕ್ಕೂ ಹಿಂದಿನ ಲೇಖನಗಳಿಗೆ ಇನಿಷಿಯಲ್ ಮಾತ್ರ ಸಿಗುತ್ತದೆ.

ಲಾರ್ನಾ ವಿಂಗ್ ಅವರ ವಿಷಯದಲ್ಲೂ ಇದೇ ತೊಡಕಿದೆ. "ವಿಂಗ್ ಎಲ್" ಎಂದು ಹುಡುಕಿದರೆ ಬೇರೆ ವಿಂಗ್‌ಗಳೂ ಬರುತ್ತಾರೆ. ಅವರ ಪತಿ ಜಾನ್ ವಿಂಗ್ ಕೂಡ ಮನೋವೈದ್ಯರು. ಸ್ಕಿಜೋಫ್ರೇನಿಯಾ ಬಗ್ಗೆ ಬಹಳ ಕೆಲಸ ಮಾಡಿದವರು. ಲಂಡನ್ನಿನ ಒಂದೇ ಸಂಶೋಧನಾ ಘಟಕದಲ್ಲಿ ಇಬ್ಬರೂ ಇದ್ದರು. "ವಿಂಗ್ ಜೆಕೆ" ಎಂದಿರುವುದು ಅವರದು. ವಿಷಯ ಹತ್ತಿರ, ಊರು ಒಂದೇ, ಕುಲನಾಮ ಒಂದೇ. ಇನಿಷಿಯಲ್ ನೋಡದೆ ಎಣಿಸಿದರೆ ಇಬ್ಬರ ಕೆಲಸ ಒಬ್ಬರ ಲೆಕ್ಕಕ್ಕೆ ಹೋಗುತ್ತದೆ.

ಹೆಜ್ಜೆ 3: ಜಾತಿ ಜಾತಿಯಾಗಿ ಬೇರ್ಪಡಿಸಿ

ಎಲ್ಲ ಲೇಖನವೂ ಒಂದೇ ತೂಕದ್ದಲ್ಲ. ನೋಟ್‌ಬುಕ್ಕಿನಲ್ಲಿ ಅಂಕಣ ಹಾಕಿಕೊಳ್ಳಿ. ಹೊಸದಾಗಿ ಮಾಹಿತಿ ಕೂಡಿಸಿದ ಮೂಲ ಅಧ್ಯಯನಗಳು ಒಂದು ಕಡೆ. ಬೇರೆಯವರ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ ವಿಮರ್ಶೆಗಳು ಇನ್ನೊಂದು ಕಡೆ. ಒಬ್ಬಿಬ್ಬರು ರೋಗಿಗಳ ಕೇಸ್ ರಿಪೋರ್ಟ್, ಸಂಪಾದಕೀಯ, ಸಂಪಾದಕರಿಗೆ ಪತ್ರ, ಸಮ್ಮೇಳನದ ಸಾರಾಂಶ ಇವೆಲ್ಲ ಮತ್ತೊಂದು ಕಡೆ. ಪಬ್‌ಮೆಡ್ ಪುಟದ ಎಡಬದಿಯ ಫಿಲ್ಟರ್ ಈ ಕೆಲಸವನ್ನು ಸ್ವಲ್ಪ ಹಗುರ ಮಾಡುತ್ತದೆ.

ಹೀಗೆ ಬೇರ್ಪಡಿಸಿದಾಗ 200 ಎಂದಿದ್ದ ಪಟ್ಟಿಯಲ್ಲಿ ಮೂಲ ಅಧ್ಯಯನಗಳು ಎಷ್ಟೋ ಕಡಿಮೆ ಆಗುವುದುಂಟು. ಅದು ತಪ್ಪೇನಲ್ಲ. ಹಿರಿಯರು ವಿಮರ್ಶೆ, ಸಂಪಾದಕೀಯ ಬರೆಯುವುದು ಸಹಜ. ಆದರೆ ಒಂದೇ 40 ಮಕ್ಕಳ ಗುಂಪಿನಿಂದ ನಿದ್ದೆಗೆ ಒಂದು, ಊಟಕ್ಕೆ ಒಂದು, ಆತಂಕಕ್ಕೆ ಒಂದು ಅಂತ ತೆಳ್ಳಗೆ ಹೆಚ್ಚಿದ ಲೇಖನಗಳು ಕಂಡರೆ ಗುರುತು ಹಾಕಿಕೊಳ್ಳಿ. ಮಕ್ಕಳ ಸಂಖ್ಯೆ, ಊರು, ಮಾಹಿತಿ ಕೂಡಿಸಿದ ವರ್ಷ ಒಂದೇ ಆಗಿದ್ದರೆ ಅವೆಲ್ಲ ಸೇರಿ ಒಂದೇ ಅಧ್ಯಯನ.

ಹೆಜ್ಜೆ 4: ವರ್ಷದ ಕ್ರಮದಲ್ಲಿ ಜೋಡಿಸಿ, ಎಳೆ ಹುಡುಕಿ

ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಇಲ್ಲಿ. ಮೂಲ ಅಧ್ಯಯನಗಳನ್ನು ಹಳೆಯದರಿಂದ ಹೊಸದರ ಕಡೆಗೆ ಜೋಡಿಸಿ, ಪಕ್ಕದಲ್ಲಿ "ಇಲ್ಲಿ ಏನು ಕೇಳಿದ್ದಾರೆ" ಅಂತ ಒಂದೊಂದು ಸಾಲು ಬರೆಯಿರಿ. ಒಳ್ಳೆಯ ಸಂಶೋಧಕರ ಪಟ್ಟಿಯಲ್ಲಿ ಒಂದು ಪ್ರಶ್ನೆ ವರ್ಷಗಟ್ಟಲೆ ಬೆಳೆಯುತ್ತಾ ಹೋಗುವುದು ಕಾಣುತ್ತದೆ.

ಲಾರ್ನಾ ವಿಂಗ್ ಅವರದನ್ನೇ ನೋಡಿ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ 11 ಮಕ್ಕಳನ್ನು ವಿವರಿಸಿ ಆಟಿಸಂಗೆ ಒಂದು ಚೌಕಟ್ಟು ಹಾಕಿದ್ದರು. ಆ ಚೌಕಟ್ಟು ಬಹಳ ಕಿರಿದಾಗಿತ್ತು. 1979ರಲ್ಲಿ ವಿಂಗ್ ಮತ್ತು ಜುಡಿತ್ ಗೌಲ್ಡ್ ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ ಮಕ್ಕಳ ಅಧ್ಯಯನ ಪ್ರಕಟಿಸಿದರು. ಕ್ಲಿನಿಕ್ಕಿಗೆ ಬಂದವರನ್ನು ಮಾತ್ರ ನೋಡದೆ ಆ ಪ್ರದೇಶದಲ್ಲಿ ವಿಶೇಷ ನೆರವು ಬೇಕಿದ್ದ ಮಕ್ಕಳನ್ನು ಹುಡುಕಿಕೊಂಡು ಹೋದರು. ಕ್ಯಾನರ್ ಹೇಳಿದ ಲಕ್ಷಣಕ್ಕೆ ಸರಿಯಾಗಿ ಹೊಂದುವವರು 10,000 ಮಕ್ಕಳಲ್ಲಿ ಸುಮಾರು 5. ಆದರೆ ಜನರೊಂದಿಗೆ ಬೆರೆಯುವುದರಲ್ಲಿ ಅದೇ ಬಗೆಯ ತೊಡಕು ಇದ್ದವರು ಸುಮಾರು 20. ಚೌಕಟ್ಟಿನ ಹೊರಗೇ ಜಾಸ್ತಿ ಮಕ್ಕಳಿದ್ದರು. ಆ ಮಕ್ಕಳಿಗೆ ಹೆಸರೂ ಇರಲಿಲ್ಲ, ಸೌಲಭ್ಯವೂ ಇರಲಿಲ್ಲ.

1981ರಲ್ಲಿ ಮುಂದಿನ ಮೆಟ್ಟಿಲು. ಆಸ್ಟ್ರಿಯಾದ ಹ್ಯಾನ್ಸ್ ಆಸ್ಪರ್ಗರ್ 1944ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದದ್ದನ್ನು ವಿಂಗ್ 34 ಜನರ ವಿವರದ ಜೊತೆ ಇಂಗ್ಲಿಷ್ ಓದುಗರ ಮುಂದಿಟ್ಟರು. ಮಾತು ಚೆನ್ನಾಗಿ ಬಂದರೂ ಜನರೊಂದಿಗೆ ಬೆರೆಯಲು ತೊಡಕಿರುವವರಿಗೆ "ಆಸ್ಪರ್ಗರ್ ಸಿಂಡ್ರೋಮ್" ಎಂಬ ಹೆಸರು ಹರಡಿದ್ದು ಆ ಲೇಖನದಿಂದ. 2000ದಲ್ಲಿ ಅಮಿತಾ ಶಾ ಜೊತೆ ಸೇರಿ ಕ್ಯಾಟಟೋನಿಯಾ ಕುರಿತು ಬರೆದರು. ತಮ್ಮ ಕೇಂದ್ರಕ್ಕೆ ಬಂದ 506 ಜನರಲ್ಲಿ, 15 ವರ್ಷ ದಾಟಿದವರ ಪೈಕಿ ಶೇ 17ರಷ್ಟು ಜನಕ್ಕೆ ಆ ಲಕ್ಷಣಗಳಿದ್ದವು. ಹದಿಹರೆಯದಲ್ಲಿ ನಡಿಗೆ ನಿಧಾನವಾಗುವುದು, ಬಾಗಿಲ ಹತ್ತಿರ ನಿಂತುಬಿಡುವುದು, ಯಾರಾದರೂ ಹೇಳಿದರೆ ಮಾತ್ರ ತುತ್ತು ಬಾಯಿಗೆ ಹೋಗುವುದು. ಮನೆಯವರು ಇದನ್ನು ಸೋಮಾರಿತನ, ಹಟ ಅಂದುಕೊಳ್ಳುತ್ತಾರೆ. ಆಟಿಸಂ ಮತ್ತು ಮಾನಸಿಕ ಆರೋಗ್ಯ ಎರಡೂ ಸೇರುವ ಜಾಗದಲ್ಲಿ ನಿಂತ ಲೇಖನ ಅದು.

2002ರಲ್ಲಿ, ಆಟಿಸಂ ಗುರುತಿಸಲು ಬಳಸುವ ಡಿಸ್ಕೋ ಎಂಬ ಸಂದರ್ಶನ ಸಾಧನದ ಲೇಖನ ಬಂತು. 2005ರಲ್ಲಿ, ತಾವೇ ಹರಡಿದ ಆಸ್ಪರ್ಗರ್ ಎಂಬ ಹೆಸರಿನ ಪರಿಣಾಮ ಏನಾಯಿತು ಎಂದು ತಿರುಗಿ ನೋಡುವ ಲೇಖನ. 2011ರಲ್ಲಿ ಗೌಲ್ಡ್ ಮತ್ತು ಸ್ವೀಡನ್ನಿನ ಕ್ರಿಸ್ಟೋಫರ್ ಗಿಲ್‌ಬರ್ಗ್ ಜೊತೆ, ಆಗ ಸಿದ್ಧವಾಗುತ್ತಿದ್ದ, ಮಾನಸಿಕ ತೊಂದರೆಗಳ ರೋಗನಿರ್ಣಯದ ಅಮೆರಿಕದ ಕೈಪಿಡಿ ಡಿಎಸ್‌ಎಂ-5ರ ಕರಡಿನ ಮೇಲೆ ವಿಮರ್ಶೆ. 1979ರಿಂದ 2011ರವರೆಗೆ ಪ್ರಶ್ನೆ ಒಂದೇ: ಗೆರೆಯ ಹೊರಗೆ ಉಳಿದವರು ಯಾರು, ಅವರಿಗೆ ಏನು ಬೇಕು? 1979ರ ಸಹಲೇಖಕಿ ಗೌಲ್ಡ್ 2011ರಲ್ಲೂ ಜೊತೆಗಿದ್ದಾರೆ. ತಮ್ಮ ಹಳೆಯ ಮಾತನ್ನು ಮತ್ತೆ ಪರೀಕ್ಷಿಸುವ ಧೈರ್ಯವೂ ಪಟ್ಟಿಯಲ್ಲೇ ಕಾಣುತ್ತದೆ. ಇಂಥ ಎಳೆ ಸಿಕ್ಕರೆ ಲೇಖನಗಳ ಸಂಖ್ಯೆ 30 ಆದರೇನು, 300 ಆದರೇನು.

ಎಳೆ ಹುಡುಕುವಾಗ ಒಂದು ವಿಷಯ ನೆನಪಿರಲಿ. ವರ್ಷದ ಜೊತೆ ಆಟಿಸಂನ ವ್ಯಾಖ್ಯಾನವೂ ಬದಲಾಗಿದೆ. ಅಮೆರಿಕದ ಡಿಎಸ್‌ಎಂ ಕೈಪಿಡಿಯಲ್ಲಿ ಆಟಿಸಂ ಪ್ರತ್ಯೇಕ ರೋಗನಿರ್ಣಯವಾದದ್ದು 1980ರಲ್ಲಿ. ಆಸ್ಪರ್ಗರ್ ಸೇರಿದ್ದು 1994ರಲ್ಲಿ. 2013ರಲ್ಲಿ ಎಲ್ಲವೂ ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್ ಎಂಬ ಒಂದೇ ಹೆಸರಿಗೆ ಬಂದವು. ಈ ಕ್ಷೇತ್ರದ ಹಳೆಯ ಜರ್ನಲ್ ಒಂದರ ಹೆಸರೇ ಆ ಕಥೆ ಹೇಳುತ್ತದೆ. 1971ರಲ್ಲಿ ಶುರುವಾದಾಗ ಅದು "ಜರ್ನಲ್ ಆಫ್ ಆಟಿಸಂ ಅಂಡ್ ಚೈಲ್ಡ್‌ಹುಡ್ ಸ್ಕಿಜೋಫ್ರೇನಿಯಾ". 1979ರಲ್ಲಿ ಸ್ಕಿಜೋಫ್ರೇನಿಯಾ ಹೋಗಿ "ಡೆವಲಪ್‌ಮೆಂಟಲ್ ಡಿಸಾರ್ಡರ್ಸ್" ಬಂತು. ಇನ್ನೂ ಒಂದಿದೆ. 2013ಕ್ಕೆ ಮೊದಲಿನ ನಿಯಮದ ಪ್ರಕಾರ ಆಟಿಸಂ ಇದ್ದವರಿಗೆ ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆಯ ತೊಂದರೆ) ಎಂಬ ಎರಡನೆಯ ರೋಗನಿರ್ಣಯ ಕೊಡುವಂತಿರಲಿಲ್ಲ. ಹಾಗಾಗಿ ಹಳೆಯ ಲೇಖನದಲ್ಲಿ ಎಡಿಎಚ್‌ಡಿ ಕಡಿಮೆ, ಹೊಸದರಲ್ಲಿ ಜಾಸ್ತಿ ಕಂಡರೆ ಕಾಯಿಲೆ ಹೆಚ್ಚಾಯಿತು ಎಂದು ಹೌಹಾರಬೇಡಿ.

ಹೆಜ್ಜೆ 5: ನಾಲ್ಕೈದು ಲೇಖನಗಳನ್ನು ಬಿಚ್ಚಿ ಓದಿ

ಎಲ್ಲವನ್ನೂ ಓದಬೇಕಿಲ್ಲ. ಹೆಚ್ಚು ಉಲ್ಲೇಖಗೊಂಡ ಒಂದು, ತೀರಾ ಇತ್ತೀಚಿನ ಒಂದು, ನಿಮ್ಮ ಪ್ರಶ್ನೆಗೆ ಹತ್ತಿರದ ಎರಡು ಮೂರು ಸಾಕು. ಸಾರಾಂಶ ಓದಿದ ಮೇಲೆ ನೇರವಾಗಿ, ಅಧ್ಯಯನವನ್ನು ಹೇಗೆ ಮಾಡಿದರು ಎಂದು ಹೇಳುವ "ಮೆಥಡ್ಸ್" ಭಾಗಕ್ಕೆ ಹೋಗಿ. ತೀರ್ಮಾನದ ಭಾಗಕ್ಕೆ ಆಮೇಲೆ ಬನ್ನಿ.

ಮೊದಲು ನೋಡಬೇಕಾದದ್ದು ಎಷ್ಟು ಜನ, ಮತ್ತು ಹೋಲಿಕೆಗೆ ಬೇರೆ ಗುಂಪು ಇತ್ತಾ ಅನ್ನೋದು. 1998ರಲ್ಲಿ ಸೆಕ್ರೆಟಿನ್ ಎಂಬ ಹಾರ್ಮೋನ್ ಕೊಟ್ಟ ಮೇಲೆ ಆಟಿಸಂ ಇರುವ ಮೂವರು ಮಕ್ಕಳು ಸುಧಾರಿಸಿದರು ಎಂಬ ವರದಿ ಬಂತು. ಹೆತ್ತವರು ಅದಕ್ಕಾಗಿ ಮುಗಿಬಿದ್ದರು. ಮರುವರ್ಷ 60 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಸೆಕ್ರೆಟಿನ್, ಇನ್ನೊಂದಕ್ಕೆ ಬರೀ ಉಪ್ಪುನೀರು ಕೊಟ್ಟು ನೋಡಿದರು. ಎರಡೂ ಗುಂಪಿನಲ್ಲಿ ಸುಧಾರಣೆ ಕಂಡಿತು, ವ್ಯತ್ಯಾಸ ಇರಲಿಲ್ಲ. ಮಕ್ಕಳು ತಾವಾಗಿಯೂ ಬೆಳೆಯುತ್ತಾರೆ, ನಾವೂ ಆಸೆಗಣ್ಣಿನಿಂದ ನೋಡುತ್ತೇವೆ. ಅದಕ್ಕೇ ಹೋಲಿಕೆಯ ಗುಂಪು ಬೇಕು. ಆಕ್ಸಿಟೋಸಿನ್ ಮೂಗಿನ ಸ್ಪ್ರೇ ಕಥೆಯೂ ಹಾಗೆಯೇ. ಚಿಕ್ಕ ಅಧ್ಯಯನಗಳು ಆಸೆ ಹುಟ್ಟಿಸಿದ್ದವು. 2021ರಲ್ಲಿ 290 ಮಕ್ಕಳ ಪ್ರಯೋಗ ಬಂದಾಗ ಸ್ಪ್ರೇಗೂ ಪ್ಲಸೀಬೊಗೂ, ಅಂದರೆ ಔಷಧವಿಲ್ಲದ ಹುಸಿ ಸ್ಪ್ರೇಗೂ, ವ್ಯತ್ಯಾಸ ಕಾಣಲಿಲ್ಲ.

ಚಿಕ್ಕದೆಲ್ಲ ಕೆಟ್ಟದ್ದು ಅಂತ ಅರ್ಥವಲ್ಲ. 1985ರಲ್ಲಿ ಸೈಮನ್ ಬ್ಯಾರನ್-ಕೋಹೆನ್, ಅಲನ್ ಲೆಸ್ಲಿ, ಊಟಾ ಫ್ರಿತ್ ಮಾಡಿದ ಹೆಸರಾಂತ ಅಧ್ಯಯನದಲ್ಲಿ ಆಟಿಸಂ ಇದ್ದ ಮಕ್ಕಳು 20 ಜನ. ಅದರ ಜೊತೆ ಡೌನ್ ಸಿಂಡ್ರೋಮ್ ಇದ್ದ 14, ಇತರ 27 ಮಕ್ಕಳನ್ನು ಹೋಲಿಸಿದ್ದರು. ಪ್ರಶ್ನೆ ಚೊಕ್ಕವಾಗಿತ್ತು: ಬೇರೆಯವರ ಮನಸ್ಸಿನಲ್ಲಿ ತಪ್ಪು ನಂಬಿಕೆ ಇರಬಹುದು ಅಂತ ಮಗು ಊಹಿಸುತ್ತದಾ? 20ರಲ್ಲಿ 16 ಮಕ್ಕಳಿಗೆ ಆಗಲಿಲ್ಲ. ಅದರಿಂದ ಎಷ್ಟೋ ಹೊಸ ಪ್ರಶ್ನೆಗಳು ಹುಟ್ಟಿದವು. ವಿರೋಧವೂ ಬಂತು. 2012ರಲ್ಲಿ, ಸ್ವತಃ ಆಟಿಸ್ಟಿಕ್ ಆಗಿರುವ ಡೇಮಿಯನ್ ಮಿಲ್ಟನ್, ಅರ್ಥಮಾಡಿಕೊಳ್ಳುವ ತೊಡಕು ಎರಡೂ ಕಡೆಗೂ ಇದೆ, ಆಟಿಸಂ ಇಲ್ಲದವರಿಗೂ ಆಟಿಸ್ಟಿಕ್ ಜನ ಅರ್ಥವಾಗುವುದಿಲ್ಲ ಎಂದು ಬರೆದರು. ನೀವು ಓದುತ್ತಿರುವ ಸಂಶೋಧಕರು ಇಂಥ ವಿರೋಧಕ್ಕೆ ಉತ್ತರಿಸಿದ್ದಾರಾ ಅಂತಲೂ ಹುಡುಕಿ.

ಎರಡನೆಯದು, ಆ ಜನ ಯಾರು. 2014ರ ಒಂದು ಅಧ್ಯಯನದಲ್ಲಿ ಇಂಗ್ಲೆಂಡಿನ ಕ್ಲಿನಿಕ್ ಒಂದರಲ್ಲಿ ಆಸ್ಪರ್ಗರ್ ಎಂದು ಗುರುತಿಸಲ್ಪಟ್ಟ 374 ವಯಸ್ಕರ ಪೈಕಿ ಶೇ 66 ಜನ, ಸಾಯುವ ಯೋಚನೆ ಬಂದಿತ್ತು ಅಂದರು. ಮನಸ್ಸು ಕಲಕುವ ಸಂಖ್ಯೆ. ಅದನ್ನು ಗಂಭೀರವಾಗಿ ತಗೊಳ್ಳಬೇಕು. ಆದರೆ ಅವರೆಲ್ಲ ದೊಡ್ಡವರಾದ ಮೇಲೆ, ಬಹುಪಾಲು ಬದುಕನ್ನು ಕಾರಣ ಗೊತ್ತಿಲ್ಲದೆ ಕಳೆದು, ನೆರವು ಹುಡುಕಿ ಬಂದವರು. ಆ ಶೇ 66ನ್ನು ನಿಮ್ಮ ಐದು ವರ್ಷದ ಮಗುವಿನ ಮೇಲೆ ಹೇರಿ ನಿದ್ದೆಗೆಡಬೇಡಿ. ಮನೆಯಲ್ಲಿ ಯಾರಿಗಾದರೂ ಇಂಥ ಯೋಚನೆ ಬರುತ್ತಿದ್ದರೆ ಲೇಖನ ಓದುವುದನ್ನು ಅಲ್ಲಿಗೇ ಬಿಟ್ಟು ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತನಾಡಬಹುದು.

ಮೂರನೆಯದು, ಅಳೆದದ್ದು ಹೇಗೆ. ಮಾನಸಿಕ ಆರೋಗ್ಯದ ಲೇಖನಗಳಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ. ಖಿನ್ನತೆಯ ಪ್ರಶ್ನಾವಳಿಗಳಲ್ಲಿ "ಜನರ ಜೊತೆ ಬೆರೆಯುತ್ತಿಲ್ಲ", "ನಿದ್ದೆ ಸರಿ ಬರುವುದಿಲ್ಲ", "ಊಟದಲ್ಲಿ ಬದಲಾವಣೆ" ಎಂಬ ಸಾಲುಗಳು ಇರುತ್ತವೆ. ಆಟಿಸಂ ಇರುವ ಮಗು ಮೊದಲಿನಿಂದಲೂ ಬೆರೆಯದಿರಬಹುದು, ಮೊಸರನ್ನ ಬಿಟ್ಟು ಬೇರೆ ಮುಟ್ಟದಿರಬಹುದು. ಅಂಕ ಏರುತ್ತದೆ, ಖಿನ್ನತೆ ಇರುವುದಿಲ್ಲ. ಅದೇ ರೀತಿ, ಇರುವ ಖಿನ್ನತೆ "ಅವನು ಹಾಗೇ" ಎಂದು ಮುಚ್ಚಿಹೋಗುವುದೂ ಉಂಟು. ಹಾಗಾಗಿ ಮೂರು ಪ್ರಶ್ನೆ ಹಾಕಿ. ಈ ಪ್ರಶ್ನಾವಳಿಯನ್ನು ಆಟಿಸಂ ಇರುವವರಲ್ಲಿ ಪರೀಕ್ಷಿಸಿದ್ದಾರಾ? ಉತ್ತರ ಕೊಟ್ಟವರು ಯಾರು, ಮಗುವಾ, ಅಮ್ಮನಾ, ಟೀಚರಾ? ಮಾತು ಬಾರದವರನ್ನು, ಬೌದ್ಧಿಕ ಅಸಾಮರ್ಥ್ಯ ಇರುವವರನ್ನು ಹೊರಗಿಟ್ಟಿದ್ದಾರಾ? ಕೊನೆಯದಕ್ಕೆ ಹೌದು ಎಂದಾದರೆ, ಮಾತು ಬಾರದ ಮಗುವಿನ ಹೆತ್ತವರಿಗೆ ಆ ಲೇಖನದಿಂದ ಸಿಗುವುದು ಕಡಿಮೆ.

ಸಂಖ್ಯೆಗಳನ್ನು ಪಕ್ಕ ಪಕ್ಕ ಇಡುವಾಗಲೂ ನಿಧಾನಿಸಿ. 2008ರಲ್ಲಿ ಎಮಿಲಿ ಸಿಮೊನಾಫ್ ತಂಡ 10ರಿಂದ 14 ವರ್ಷದ 112 ಮಕ್ಕಳನ್ನು ನೋಡಿ, ಶೇ 70 ಮಕ್ಕಳಲ್ಲಿ ಆಟಿಸಂ ಜೊತೆ ಇನ್ನೊಂದು ಮಾನಸಿಕ ತೊಂದರೆಯಾದರೂ ಇದೆ ಎಂದಿತು. 2019ರಲ್ಲಿ ಮೆಂಗ್-ಚುವಾನ್ ಲಾಯ್ ಮತ್ತಿತರರು 96 ಅಧ್ಯಯನಗಳನ್ನು ಒಟ್ಟುಮಾಡಿ ಎಡಿಎಚ್‌ಡಿ ಶೇ 28, ಆತಂಕ ಶೇ 20, ಖಿನ್ನತೆ ಶೇ 11 ಎಂದರು. ಮೇಲ್ನೋಟಕ್ಕೆ ಇಬ್ಬರದೂ ಹೊಂದುವುದಿಲ್ಲ, ಅಲ್ವಾ? ಆದರೆ ಮೊದಲನೆಯದು "ಯಾವುದಾದರೂ ಒಂದು" ಎಂಬ ಲೆಕ್ಕ, ಎರಡನೆಯದು ಒಂದೊಂದರದೂ ಬೇರೆ ಬೇರೆ ಲೆಕ್ಕ. ಸಿಮೊನಾಫ್ ಅವರಲ್ಲೂ ಎಡಿಎಚ್‌ಡಿ ಶೇ 28ರ ಹತ್ತಿರವೇ ಇತ್ತು.

ಪೂರ್ತಿ ಲೇಖನ ದುಡ್ಡು ಕೇಳಿದರೆ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಉಚಿತ ಪ್ರತಿ ಇದೆಯಾ ನೋಡಿ. ಅನ್‌ಪೇವಾಲ್ ಎಂಬ ಬ್ರೌಸರ್ ಸಾಧನವೂ ಹುಡುಕಿ ಕೊಡುತ್ತದೆ.

ಹೆಜ್ಜೆ 6: ಹೆಸರು ಯಾವ ಜಾಗದಲ್ಲಿದೆ?

ವೈದ್ಯಕೀಯ ಲೇಖನಗಳಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಹೆಚ್ಚು ಕೆಲಸ ಮಾಡಿದವರದು, ಕೊನೆಯ ಹೆಸರು ತಂಡ ನಡೆಸಿದ ಹಿರಿಯರದು. ಎಲ್ಲ ಕಡೆಯೂ ಮಧ್ಯದಲ್ಲೇ ಇರುವವರು ಅಂಕಿಅಂಶ ತಜ್ಞರಿರಬಹುದು, ರೋಗಿಗಳನ್ನು ಕಳಿಸಿಕೊಟ್ಟವರಿರಬಹುದು. ಅದೂ ಕೆಲಸವೇ. ಆದರೆ ಅವರನ್ನು ಆ ವಿಷಯದ ಮುಖ್ಯ ತಜ್ಞರು ಎಂದು ಕರೆಯುವ ಮೊದಲು ಯೋಚಿಸಿ. ಕೆಲವು ಜರ್ನಲ್‌ಗಳು ಯಾರು ಏನು ಮಾಡಿದರು ಎಂದು ಲೇಖನದ ಕೊನೆಯಲ್ಲಿ ಬರೆಯುತ್ತವೆ. ಎರಡು ಸಾಲಷ್ಟೇ, ಓದಿ.

ಹೆಜ್ಜೆ 7: ಸೈಟೇಶನ್ (ಬೇರೆ ಲೇಖನಗಳಲ್ಲಿ ಬಂದ ಉಲ್ಲೇಖ), ಎಚ್-ಇಂಡೆಕ್ಸ್ ನೋಡಿ, ಆದರೆ ಮರುಳಾಗಬೇಡಿ

ಎಚ್-ಇಂಡೆಕ್ಸ್ ಅನ್ನು 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದರು. ಒಬ್ಬರ ಎಚ್-ಇಂಡೆಕ್ಸ್ 25 ಅಂದರೆ, ಕನಿಷ್ಠ 25 ಸಲ ಉಲ್ಲೇಖಗೊಂಡ 25 ಲೇಖನಗಳು ಅವರಿಗಿವೆ. ಅದು ವಯಸ್ಸಿನ ಜೊತೆ ಏರುತ್ತದೆ, ಇಳಿಯುವುದಿಲ್ಲ. ಗೂಗಲ್ ಸ್ಕಾಲರ್‌ನಲ್ಲಿ ಜಾಸ್ತಿ, ಸ್ಕೋಪಸ್ ಎಂಬ ಇನ್ನೊಂದು ಸೂಚಿಯಲ್ಲಿ ಕಡಿಮೆ ಬರುತ್ತದೆ. ಹೊಗಳಿ ಉಲ್ಲೇಖಿಸಿದರೂ ತೆಗಳಿ ಉಲ್ಲೇಖಿಸಿದರೂ ಲೆಕ್ಕ ಒಂದೇ.

ಆಟಿಸಂ ಕ್ಷೇತ್ರದಲ್ಲೇ ಇದಕ್ಕೊಂದು ಕಹಿ ಉದಾಹರಣೆ ಇದೆ. ಅಮೆರಿಕದ ಒಬ್ಬ ಮನಶ್ಶಾಸ್ತ್ರಜ್ಞರು ಬೆಳವಣಿಗೆಯ ತೊಂದರೆಗಳ ಕುರಿತ ಎರಡು ಜರ್ನಲ್‌ಗಳ ಸಂಪಾದಕರಾಗಿದ್ದರು. ಅವರ ಪಟ್ಟಿ ನೂರಾರು ಲೇಖನಗಳದ್ದು. 2015ರಲ್ಲಿ ಆಕ್ಸ್‌ಫರ್ಡ್‌ನ ಡೊರೊತಿ ಬಿಷಪ್ ಎರಡು ಸಂಗತಿ ತೋರಿಸಿದರು. ಆ ಸಂಪಾದಕರ ಲೇಖನಗಳು ಅವರದೇ ಜರ್ನಲ್‌ನಲ್ಲಿ ಕೆಲವೇ ದಿನಗಳಲ್ಲಿ ಒಪ್ಪಿಗೆ ಪಡೆಯುತ್ತಿದ್ದವು. ಅವರಿಗೆ ಬಂದ ಉಲ್ಲೇಖಗಳಲ್ಲಿ ದೊಡ್ಡ ಪಾಲು ಅವರೇ ಕೊಟ್ಟುಕೊಂಡದ್ದು. 2023ರಲ್ಲಿ ಅವರ 20ಕ್ಕೂ ಹೆಚ್ಚು ಲೇಖನಗಳನ್ನು ಪ್ರಕಾಶಕರು ವಾಪಸ್ ಪಡೆದರು. ಇದನ್ನು ಪತ್ತೆ ಹಚ್ಚಲು ಬೇಕಾದದ್ದು ಲೇಖನದ ಮೊದಲ ಪುಟದಲ್ಲೇ ಇತ್ತು: ಜರ್ನಲ್‌ಗೆ ತಲುಪಿದ ದಿನ, ಒಪ್ಪಿಗೆಯಾದ ದಿನ. ಎರಡರ ನಡುವೆ ತಿಂಗಳುಗಳು ಇರುವುದು ವಾಡಿಕೆ. ಮತ್ತೆ ಮತ್ತೆ ಎರಡು ಮೂರು ದಿನ ಮಾತ್ರ ಇದ್ದರೆ ಕೇಳಲೇಬೇಕಾದ ಪ್ರಶ್ನೆ ಅದು.

ಹಾಗಂತ ಜರ್ನಲ್ ನೋಡಿ ಲೇಖನವನ್ನು ತಳ್ಳಿಹಾಕುವುದೂ ಸರಿಯಲ್ಲ. ಲಾರ್ನಾ ವಿಂಗ್ ಅವರ 2011ರ ಆ ವಿಮರ್ಶೆ ಬಂದದ್ದು ಇವೇ ಎರಡು ಜರ್ನಲ್‌ಗಳ ಪೈಕಿ ಒಂದರಲ್ಲಿ.

ಹೆಜ್ಜೆ 8: ವಾಪಸ್ ಪಡೆದದ್ದು, ಹಣದ ಮೂಲ, ಪ್ರಯೋಗದ ನೋಂದಣಿ

1998ರ ಫೆಬ್ರವರಿಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತಿತರರ ಲೇಖನ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂತು. ಮಕ್ಕಳು 12, ಹೋಲಿಕೆಯ ಗುಂಪು ಇಲ್ಲ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಭಯ ಅದರಿಂದ ಹಬ್ಬಿತು. 2004ರಲ್ಲಿ 10 ಸಹಲೇಖಕರು ಆ ವ್ಯಾಖ್ಯಾನದಿಂದ ಹಿಂದೆ ಸರಿದರು. ಪೂರ್ತಿ ಲೇಖನ ವಾಪಸಾದದ್ದು 2010ರ ಫೆಬ್ರವರಿಯಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಬ್ರಿಟನ್ನಿನ ವೈದ್ಯಕೀಯ ನೋಂದಣಿಯಿಂದ ವೇಕ್‌ಫೀಲ್ಡ್ ಹೆಸರು ತೆಗೆದರು. 2019ರಲ್ಲಿ ಡೆನ್ಮಾರ್ಕ್‌ನ 6,57,461 ಮಕ್ಕಳ ಅಧ್ಯಯನ ಲಸಿಕೆಗೂ ಆಟಿಸಂಗೂ ನಂಟಿಲ್ಲ ಎಂದು ಮತ್ತೊಮ್ಮೆ ತೋರಿಸಿತು. 12 ವರ್ಷ ಆ ಲೇಖನ ಪಟ್ಟಿಯಲ್ಲಿ ಹೆಮ್ಮೆಯಿಂದ ಕೂತಿತ್ತು ಎನ್ನುವುದನ್ನು ನೆನಪಿಡಿ. ಆ ಭಯದಲ್ಲಿ ಲಸಿಕೆ ತಪ್ಪಿಸಿಕೊಂಡ ಮಕ್ಕಳು ದಡಾರಕ್ಕೆ ತುತ್ತಾದರು.

ಈಗ ಪರೀಕ್ಷೆ ಸುಲಭ. ಪಬ್‌ಮೆಡ್‌ನಲ್ಲಿ ವಾಪಸ್ ಪಡೆದ ಲೇಖನದ ಮೇಲೆ ಸೂಚನೆ ಇರುತ್ತದೆ. ವಾಪಸಾದ ಲೇಖನಗಳನ್ನು ದಾಖಲಿಸುವ ರಿಟ್ರ್ಯಾಕ್ಷನ್ ವಾಚ್ ದತ್ತಾಂಶ 2023ರಿಂದ ಎಲ್ಲರಿಗೂ ಮುಕ್ತ. ಸಂಶೋಧಕರ ಹೆಸರು ಹಾಕಿ ನೋಡಿ. ಪ್ರಾಮಾಣಿಕ ತಪ್ಪನ್ನು ತಾವೇ ಹೇಳಿ ಲೇಖನ ವಾಪಸ್ ತೆಗೆದುಕೊಂಡವರೂ ಅಲ್ಲಿರುತ್ತಾರೆ, ಹಾಗಾಗಿ ಕಾರಣ ಓದಿ.

ನಂತರ ಲೇಖನದ ಕೊನೆಯಲ್ಲಿರುವ ಹಿತಾಸಕ್ತಿ ಸಂಘರ್ಷದ ಸಾಲು. ಒಂದು ಥೆರಪಿ ಒಳ್ಳೆಯದು ಎಂದವರೇ ಅದರ ತರಬೇತಿ ಮಾರುತ್ತಿದ್ದಾರಾ? ಆ ಕ್ಲಿನಿಕ್ಕಿನ ಉದ್ಯೋಗಿಗಳೇ ಲೇಖಕರಾ? "ಯಾವುದೂ ಇಲ್ಲ" ಎಂದು ಬರೆದಿದ್ದರೂ ಅವರ ವೆಬ್‌ಸೈಟಿಗೆ ಹೋಗಿ ನೋಡಿ. ಆಟಿಸಂ ಚಿಕಿತ್ಸೆಯ ಅಧ್ಯಯನಗಳಲ್ಲಿ ಇಂಥ ಸಂಬಂಧಗಳು ಬಹಳ, ಹೇಳಿಕೊಳ್ಳುವುದು ಕಡಿಮೆ ಎಂದು ಕ್ರಿಸ್ಟನ್ ಬೊಟೆಮಾ-ಬ್ಯೂಟೆಲ್ ತಂಡ ಎಣಿಸಿ ತೋರಿಸಿದೆ.

ಭಾರತದ ಪ್ರಯೋಗವಾದರೆ, ಇಲ್ಲಿನ ಚಿಕಿತ್ಸಾ ಪ್ರಯೋಗಗಳನ್ನು ನೋಂದಾಯಿಸುವ ಸಿಟಿಆರ್‌ಐ ತಾಣಕ್ಕೆ ಹೋಗಿ. 2007ರಲ್ಲಿ ಶುರುವಾದ ಈ ನೋಂದಣಿ 2009ರಿಂದ ಕಡ್ಡಾಯವಾಯಿತು. ಪ್ರಯೋಗ ಶುರುವಾಗುವ ಮೊದಲೇ ನೋಂದಾಯಿಸಿದ್ದಾರಾ, ಆಮೇಲಾ ಎಂದು ಅಲ್ಲೇ ಬರೆದಿರುತ್ತದೆ. ಏನನ್ನು ಅಳೆಯುತ್ತೇವೆ ಎಂದು ಅಲ್ಲಿ ಹೇಳಿದ್ದೂ ಲೇಖನದಲ್ಲಿ ಅಳೆದದ್ದೂ ಒಂದೇನಾ ನೋಡಿ. ಸ್ಟೆಮ್ ಸೆಲ್ ಚಿಕಿತ್ಸೆಗೆ ಲಕ್ಷಗಟ್ಟಲೆ ಕೇಳುವವರು ತಮ್ಮ ಲೇಖನಗಳನ್ನು ತೋರಿಸಿದರೆ ಈ ಹೆಜ್ಜೆಯನ್ನು ಬಿಡಲೇಬೇಡಿ. ಆಟಿಸಂಗೆ ಅದನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಹೆಜ್ಜೆ 9: ನಮ್ಮ ಊರಿಗೆ, ನಮ್ಮ ಭಾಷೆಗೆ ಹೊಂದುತ್ತದಾ?

2018ರಲ್ಲಿ ಪ್ರಕಟವಾದ, ಬೆಳವಣಿಗೆಯ ತೊಂದರೆಗಳ ಬಗ್ಗೆ 2ರಿಂದ 9 ವರ್ಷದ 3,964 ಮಕ್ಕಳ ದೊಡ್ಡ ಭಾರತೀಯ ಅಧ್ಯಯನ ಪಲ್ವಲ್, ಕಾಂಗ್ರಾ, ಢೇಂಕನಾಲ್, ಉತ್ತರ ಗೋವಾ, ಹೈದರಾಬಾದ್‌ಗಳಲ್ಲಿ ನಡೆಯಿತು. ಕರ್ನಾಟಕ ಅದರಲ್ಲಿಲ್ಲ. ಬೆಂಗಳೂರಿನ ನಗರ, ಕೊಳೆಗೇರಿ, ಹಳ್ಳಿ ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು 2005ರಲ್ಲಿ 2,064 ಮಕ್ಕಳ ಅಧ್ಯಯನ ಪ್ರಕಟಿಸಿದ್ದಾರೆ. ನಮ್ಮ ಕಡೆಯ ಚಿತ್ರ ಬೇಕಾದವರು ಅದನ್ನು ತಪ್ಪದೆ ಓದಬೇಕು.

ಚಿಕಿತ್ಸೆಯ ವಿಷಯದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು 2016ರ ಪಾಸ್ ಪ್ರಯೋಗ. ಮಗುವಿನ ಸನ್ನೆಗೆ ಸ್ಪಂದಿಸಲು ಹೆತ್ತವರಿಗೆ ಕಲಿಸುವ, ಬ್ರಿಟನ್ನಿನಲ್ಲಿ ತಜ್ಞರು ನಡೆಸಿದ ಪ್ಯಾಕ್ಟ್ ಎಂಬ ಕ್ರಮವನ್ನು ಗೋವಾ ಮತ್ತು ರಾವಲ್ಪಿಂಡಿಯಲ್ಲಿ ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರಿಂದ ಮಾಡಿಸಿ ನೋಡಿದರು. ಮಕ್ಕಳು 65. ಆಟದ ವೇಳೆ ಅಮ್ಮ ಅಪ್ಪ ಮಗುವಿನ ಸನ್ನೆಗೆ ಸ್ಪಂದಿಸುವುದು ಹೆಚ್ಚಿತು, ಮಗು ತಾನಾಗಿ ಮಾತುಕತೆಗೆ ಬರುವುದೂ ಹೆಚ್ಚಿತು. ಸ್ಪೀಚ್ ಥೆರಪಿಸ್ಟ್ ಇಲ್ಲದ ತಾಲ್ಲೂಕುಗಳು ಎಷ್ಟಿವೆ ಎಂದು ಗೊತ್ತಿರುವವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಅಳತೆಯ ಸಾಧನವನ್ನೂ ನೋಡಿ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ನಮ್ಮಲ್ಲಿ ಬಳಸುವ ಐಸಾ ಎಂಬ ಭಾರತೀಯ ಆಟಿಸಂ ಅಳತೆಪಟ್ಟಿಯಲ್ಲಿ 40 ಅಂಶಗಳಿವೆ, 70 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಆಟಿಸಂ. ವಿದೇಶಿ ಪ್ರಶ್ನಾವಳಿಯನ್ನು ಕನ್ನಡದ ಮನೆಗಳಲ್ಲಿ ಬಳಸಿದ್ದರೆ ಯಾರು ಅನುವಾದ ಮಾಡಿದರು, ಹಳ್ಳಿಯ ತಾಯಂದಿರ ಜೊತೆ ಪರೀಕ್ಷಿಸಿದರಾ ಎಂದು ಮೆಥಡ್ಸ್‌ನಲ್ಲಿ ಹುಡುಕಿ.

ಹೆಜ್ಜೆ 10: ಒಂದು ಪುಟ ಬರೆಯಿರಿ, ಆಮೇಲೆ ಅವರನ್ನೇ ಕೇಳಿ

ಕೂಡಿಸಿದ್ದನ್ನು ಒಂದು ಪುಟಕ್ಕೆ ಇಳಿಸಿ. ಇವರ ಮುಖ್ಯ ಪ್ರಶ್ನೆ ಯಾವುದು, ಯಾರನ್ನು ನೋಡಿದ್ದಾರೆ, ಹೇಗೆ ಅಳೆದಿದ್ದಾರೆ, ಏನು ಸಿಕ್ಕಿತು, ಯಾವುದರ ಬಗ್ಗೆ ಇವರು ಕೆಲಸ ಮಾಡಿಲ್ಲ. ಕೊನೆಯ ಸಾಲು ಹೆತ್ತವರಿಗೆ ತುಂಬ ಉಪಯೋಗ. ಯಾವ ವಿಷಯಕ್ಕೆ ಬೇರೆಯವರನ್ನು ಕೇಳಬೇಕು ಅಂತ ಗೊತ್ತಾಗುತ್ತದೆ.

ಉಳಿದ ಅನುಮಾನಕ್ಕೆ ಇಮೇಲ್ ಬರೆಯಿರಿ. ಲೇಖನದ ಮೊದಲ ಪುಟದಲ್ಲೇ ವಿಳಾಸ ಇರುತ್ತದೆ. ಹೀಗೆ ಬರೆದರೆ ಸಾಕು: "ನಮಸ್ಕಾರ ಮೇಡಂ. ನನ್ನ ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ, ಮಾತು ಕಡಿಮೆ. ಆತಂಕದ ಬಗ್ಗೆ ನೀವು ಬರೆದ ಲೇಖನ ಓದಿದೆ. ಅದರಲ್ಲಿ ಮಾತು ಬಾರದ ಮಕ್ಕಳು ಇದ್ದರಾ? ಅಂಥ ಮಕ್ಕಳ ಬಗ್ಗೆ ನಿಮ್ಮದೋ ಬೇರೆಯವರದೋ ಕೆಲಸ ಇದ್ದರೆ ದಯವಿಟ್ಟು ತಿಳಿಸಿ. ಪೂರ್ತಿ ಲೇಖನದ ಪ್ರತಿ ಕಳಿಸಲು ಆಗುತ್ತದಾ?" ಚಿಕ್ಕದಾಗಿ, ಒಂದೇ ವಿಷಯ ಕೇಳಿ. ರೋಗನಿರ್ಣಯದ ಕಾಗದ, ಮಗುವಿನ ವಿಡಿಯೊ ಮೊದಲ ಪತ್ರದಲ್ಲೇ ಕಳಿಸಬೇಡಿ.

ಪ್ರಶ್ನೆ ಲೇಖನದ ಒಳಗಿನಿಂದ ಬಂದಿದ್ದರೆ ಉತ್ತರ ಬರುವ ಸಾಧ್ಯತೆ ಜಾಸ್ತಿ. ಎರಡು ವಾರ ಕಾದರೂ ಬರದಿದ್ದರೆ ಮೊದಲ ಲೇಖಕರಿಗೆ ಬರೆಯಿರಿ. ಮಕ್ಕಳ ಜೊತೆ ಕೂತು ಪರೀಕ್ಷೆ ಮಾಡಿದವರು ಹೆಚ್ಚಾಗಿ ಅವರೇ.